ದೊಡ್ಡಪ್ಪ ಇಳಿಸಿದ ಹಕ್ಕಿ

ನಮ್ಮ ದೊಡ್ಡಪ್ಪ ಹೊಸಪೇಟೆ ದಾಟಿ ಆಚೆ ಹೋಗಿದ್ದು ನಾಲ್ಕೈದು ಸಲ ಇರಬಹುದು. ಆದರೆ ಅಮೆರಿಕದ ಒಂದು ದೊಡ್ಡ ಮನೆತನದ ಒಳಗಿನ ವಿಷಯವೆಲ್ಲ ಅವರಿಗೆ ಬಾಯಿಪಾಠ! ಯಾರು ಯಾರಿಗೆ ಸ್ವಂತ, ಯಾರು ಬರೀ ಹೆಸರು ಹೇಳಿಕೊಂಡು ತಿರುಗುವವರು, ಯಾರನ್ನು ತಡವಾಗಿ ಒಳಗೆ ಸೇರಿಸಿಕೊಂಡರು, ಯಾರನ್ನು ಹೊರಗೆ ಹಾಕಿದರು, ಎಲ್ಲವೂ ಗೊತ್ತು. ಆ ಮನೆತನದವರು ಒಬ್ಬರೂ ಇವರಿಗೆ ಒಂದು ಕಾಗದ ಬರೆದಿಲ್ಲ, ಬರೆಯುವುದೂ ಇಲ್ಲ. ಏಕೆಂದರೆ ಅವರೆಲ್ಲ ಹಕ್ಕಿಗಳು.

ಕೊಟ್ಟೂರಿನಲ್ಲಿ ದೊಡ್ಡಪ್ಪನನ್ನು ತಲೆಕೆಟ್ಟವರು ಅನ್ನುವವರಿದ್ದಾರೆ. ಅನ್ನಲಿ! ಹಾಗೆ ಅನ್ನುವವರ ಮನೆಯ ಲಗ್ನಪತ್ರಿಕೆಗಳನ್ನೆಲ್ಲ ಟೈಪ್ ಮಾಡಿದವಳು ನಾನು. ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಕಾರ್ಡಿನಲ್ಲಿ ಷಡ್ಡಕನ ಹೆಸರು ತನ್ನ ಹೆಸರಿಗಿಂತ ಮೇಲೆ ಬಂತು ಅಂತ ಮೂರು ವರ್ಷ ಮಾತು ಬಿಟ್ಟವರನ್ನು ಕಂಡಿದ್ದೇನೆ. ಸತ್ತ ಮುತ್ತಜ್ಜನ ಹೆಸರನ್ನು ಬಂಗಾರದ ಬಣ್ಣದಲ್ಲಿ ಹಾಕಿಸಿ, ಬದುಕಿರುವ ಅಜ್ಜಿಯ ಹೆಸರು ಮರೆತವರನ್ನೂ ಕಂಡಿದ್ದೇನೆ. ಅವರ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ನಮ್ಮ ದೊಡ್ಡಪ್ಪ ಎಷ್ಟೋ ನೆಟ್ಟಗಿದ್ದಾರೆ.

ದೊಡ್ಡಪ್ಪ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಅವರ ಖಾಯಂ ರೂಟು. ಆಗಾಗ ಹಗರಿಬೊಮ್ಮನಹಳ್ಳಿ ಮೇಲೆ ಹಡಗಲಿಗೂ ಹೋಗುತ್ತಿದ್ದರು. ಕಂಡಕ್ಟರ್ ಕೆಲಸವೆಂದರೆ ಸೀಟಿ ಊದಿ ಟಿಕೆಟ್ ಕೊಡುವುದು ಅಂತ ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪು. ದೊಡ್ಡಪ್ಪನ ಪ್ರಕಾರ ಅದು ವಿಂಗಡಿಸುವ ಕೆಲಸ. ಫುಲ್ಲು, ಹಾಫು, ಪಾಸು, ಲಗೇಜು. ಲೋಕದಲ್ಲಿ ಇರುವುದೆಲ್ಲ ಈ ನಾಲ್ಕರಲ್ಲಿ ಒಂದಕ್ಕೆ ಸೇರಲೇಬೇಕು, ಸೇರದಿದ್ದರೆ ನಾವು ಸರಿಯಾಗಿ ನೋಡಿಲ್ಲ ಅಂತ ಅರ್ಥ.

ಒಮ್ಮೆ ಹರಪನಹಳ್ಳಿ ಕಡೆಯ ಅರಸೀಕೆರೆಯ ಹೆಂಗಸೊಬ್ಬರು ಬುಟ್ಟಿಯಲ್ಲಿ ಒಂದು ಹೇಂಟೆಯನ್ನೂ ಅದರ ಆರು ಮರಿಗಳನ್ನೂ ಇಟ್ಟುಕೊಂಡು ಹತ್ತಿದರಂತೆ. ಕೋಳಿಗೆ ಅರ್ಧ ಟಿಕೆಟ್ ಅನ್ನುವುದು ನಿಯಮ. ಹಾಗಾದರೆ ಮರಿಗಳಿಗೆ? ಹಿಂದಿನ ಸೀಟಿನವರು ಅವಕ್ಕೂ ಹರಿಯಿರಿ ಅಂದರು, ಮುಂದಿನ ಸೀಟಿನವರು ಪಾಪ ಬಿಡಿ ಅಂದರು. ಬಸ್ಸು ಹತ್ತು ನಿಮಿಷ ನಿಂತೇ ಇತ್ತು. ದೊಡ್ಡಪ್ಪ ಬುಟ್ಟಿಯ ಬಟ್ಟೆ ಎತ್ತಿ ನೋಡಿದರು. ಮರಿಗಳು ತಾಯಿಯ ರೆಕ್ಕೆಯ ಕೆಳಗಿವೆ, ಆದ್ದರಿಂದ ಅವು ಮಡಿಲ ಕೂಸುಗಳು, ಮಡಿಲ ಕೂಸಿಗೆ ಟಿಕೆಟ್ ಇಲ್ಲ ಎಂದು ತೀರ್ಪು ಕೊಟ್ಟು ಸೀಟಿ ಊದಿದರು. ಹಡಗಲಿಯಿಂದ ಬರುವ ಮಲ್ಲಿಗೆ ಬುಟ್ಟಿಗಳ ವಿಷಯದಲ್ಲಿ ಮಾತ್ರ ಅವರಿಗೆ ಕೊನೆಯವರೆಗೂ ಸಮಾಧಾನ ಆಗಲಿಲ್ಲ. ಬಸ್ಸಿನಲ್ಲಿದ್ದವರಿಗೆಲ್ಲ ಪುಕ್ಕಟೆ ಪರಿಮಳ ಹಂಚುವ ಸಾಮಾನನ್ನು ಲಗೇಜು ಅನ್ನುವುದು ಯಾವ ನ್ಯಾಯ? ನಿಯಮ ಇತ್ತು, ಹರಿದರು. ಆದರೆ ಪ್ರತಿ ಸಲವೂ ಹೂವಿನವರ ಕ್ಷಮೆ ಕೇಳಿ ಹರಿದರು.

ಅವರದೊಂದು ನಿಯಮ ಯಾವ ಇಲಾಖೆಯ ಪುಸ್ತಕದಲ್ಲೂ ಇರಲಿಲ್ಲ. ಒಮ್ಮೆ ಹತ್ತಿಸಿಕೊಂಡವರನ್ನು ನಡುದಾರಿಯಲ್ಲಿ ಇಳಿಸಕೂಡದು. ಕುಡಿದವನಿರಲಿ, ಟಿಕೆಟ್ ಕಳೆದುಕೊಂಡವನಿರಲಿ, ಕಂಡಕ್ಟರನನ್ನೇ ಬೈದವನಿರಲಿ, ಊರು ಬರುವ ತನಕ ಅವನು ಬಸ್ಸಿನವನು. ಇಡೀ ನೌಕರಿಯಲ್ಲಿ ಒಬ್ಬರನ್ನೂ ಹಾಗೆ ಇಳಿಸಿಲ್ಲ ಎಂದು ಇವತ್ತಿಗೂ ಎದೆ ಉಬ್ಬಿಸಿ ಹೇಳುತ್ತಾರೆ.

ಇನ್ನು ಹಕ್ಕಿ ಎಲ್ಲಿಂದ ಬಂತು? ಬಸ್ಸಿನಿಂದಲೇ ಬಂತು. ಒಂದು ಸಂಜೆ ಟ್ರಿಪ್ಪು ಮುಗಿದ ಮೇಲೆ ಹಿಂದಿನ ಸೀಟಿನಲ್ಲಿ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದು ಬಿದ್ದಿತ್ತು. ಅಮೆರಿಕದ ಹಕ್ಕಿಗಳ ಪುಸ್ತಕ. ಅಂಕಸಮುದ್ರದ ಕೆರೆಗೆ ಹಕ್ಕಿ ನೋಡಲು ಬಂದ ಯಾರೋ ಮರೆತು ಹೋಗಿರಬೇಕು. ಡಿಪೋಗೆ ಒಪ್ಪಿಸಿದರು. ತಿಂಗಳುಗಟ್ಟಲೆ ಯಾರೂ ಕೇಳಿಕೊಂಡು ಬರಲಿಲ್ಲ. ಕಡೆಗೆ ಡಿಪೋದವರು ಇದನ್ನು ನೀವೇ ಒಯ್ಯಿರಿ ಅಂದಾಗ, ದೊಡ್ಡಪ್ಪ ಅದಕ್ಕೆ ಕಂದು ಕಾಗದದ ರಟ್ಟು ಹಾಕಿ ಮನೆಯಲ್ಲಿಟ್ಟರು. ಅದು ತಮ್ಮದು ಅಂತ ಅವರು ಯಾವತ್ತೂ ಅಂದಿಲ್ಲ. ಪುಸ್ತಕದವರು ಬಂದರೆ ಕೊಡಬೇಕು, ಅಲ್ಲಿಯ ತನಕ ಕಾಯಬೇಕು, ಅಷ್ಟೇ. ಸುಮ್ಮನೆ ಕಾಯುವ ಬದಲು ಓದಿದರೆ ತಪ್ಪೇನು ಅಂತ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದತೊಡಗಿದರು. ಆ ಕಾಯುವಿಕೆಗೆ ಈಗ ಇಪ್ಪತ್ತು ವರ್ಷದ ಮೇಲಾಯಿತು.

ಮೊದಲು ತೆರೆದ ಪುಟದಲ್ಲೇ ಕಾರ್ಡಿನಲ್ ಅನ್ನುವ ಹಕ್ಕಿ ಇತ್ತಂತೆ. ಮೈಯೆಲ್ಲ ಕುಂಕುಮಗೆಂಪು, ತಲೆಯ ಮೇಲೆ ಜುಟ್ಟು, ಕೊಕ್ಕಿನ ಸುತ್ತ ಕಪ್ಪು. ದೂರದ ದೇಶದ ಕೆಂಪು ನಿಲುವಂಗಿಯ ಧರ್ಮಗುರುಗಳಿಂದ ಅದಕ್ಕೆ ಆ ಹೆಸರು ಬಂತು ಅಂತ ಓದಿ ದೊಡ್ಡಪ್ಪನಿಗೆ ಬಹಳ ಹಿಡಿಸಿತು. ನಮ್ಮ ಉಜ್ಜಿನಿ ಮಠದ ಕಡೆ ಕಾವಿ, ಅವರ ಕಡೆ ಕೆಂಪು, ವ್ಯತ್ಯಾಸ ಬಣ್ಣದ ಅಂಗಡಿಯದು ಅಂತ ಅವರ ವಿವರಣೆ. ಆ ಪುಸ್ತಕದಲ್ಲಿ ಹಕ್ಕಿಗಳನ್ನು ಕುಟುಂಬ ಕುಟುಂಬವಾಗಿ ಜೋಡಿಸಿದ್ದರು. ದೊಡ್ಡಪ್ಪ ಅದಕ್ಕೆ ಮನಿತನ ಅಂತ ಹೆಸರಿಟ್ಟರು. ಬೇರೆಯವರ ಪುಸ್ತಕದಲ್ಲಿ ಗೀಚಬಾರದಲ್ಲ, ಅದಕ್ಕೆ ಒಂದು ಉದ್ದನೆಯ ನೋಟ್‌ಬುಕ್ ತಂದು, ಗೆರೆ ಎಳೆದು, ಹಕ್ಕಿಯ ಹೆಸರು, ಬಣ್ಣ, ದನಿ, ಊಟ, ಕೊನೆಗೆ ಷರಾ ಅಂತ ಐದು ಕಾಲಂ ಮಾಡಿದರು. ಕಾರ್ಡಿನಲ್ ಮನಿತನಕ್ಕೆ ಸೇರಿತು ಅಂತ ಖಾತ್ರಿಯಾದ ಹಕ್ಕಿಯ ಮುಂದೆ ಷರಾ ಕಾಲಂನಲ್ಲಿ ಬರೆಯುತ್ತಿದ್ದರು: ಹತ್ತಿಸಲಾಗಿದೆ.

ಈ ಮನೆತನದ ಗಂಡು ಹೆಣ್ಣಿಗೆ ತನ್ನ ಕೊಕ್ಕಿನಿಂದ ಕಾಳು ಉಣಿಸುತ್ತದೆ ಅಂತ ಓದಿದ ದಿನ ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ದೊಡ್ಡವ್ವನಿಗೆ ಸಾರಿದರು. ದೊಡ್ಡವ್ವ ಹಿಟ್ಟಿನ ಪರಾತವನ್ನು ಅವರ ಕಡೆ ಸರಿಸಿ, ಹಂಗಾರ ಇವತ್ತು ರೊಟ್ಟಿ ನೀವ ಬಡೀರಿ ಅಂದು ಎದ್ದು ಹೋದರು. ದೊಡ್ಡಪ್ಪ ಸೋಲುವವರೇ? ಬಡಿದರು. ಅವತ್ತು ತಾಟಿಗೆ ಬಿದ್ದ ಪದಾರ್ಥವನ್ನು ಯಾವ ಮನಿತನಕ್ಕೆ ಸೇರಿಸಬೇಕೆಂದು ಅವರಿಗೇ ತಿಳಿಯಲಿಲ್ಲ.

ಊರವರು ಕೇಳುತ್ತಿದ್ದರು, ಅಲ್ರೀ, ಕಣ್ಣಿಗೆ ಕಾಣದ ಹಕ್ಕಿ ಯಾಕೆ, ನಮ್ಮ ಗುಬ್ಬಿ ಗೊರವಂಕ ಏನು ಪಾಪ ಮಾಡ್ಯಾವ? ದೊಡ್ಡಪ್ಪ ಹೇಳುತ್ತಿದ್ದರು, ಅವನ್ನು ನೋಡಲು ದೊಡ್ಡ ಕ್ಯಾಮರಾದವರು ಬರುತ್ತಾರೆ, ಇವಕ್ಕೆ ಈ ತಾಲೂಕಿನಲ್ಲಿ ನಾನೊಬ್ಬನೇ ಅಂತ. ಒಂದು ದಿನ ಚಹಾದಂಗಡಿಯವರು ಓಡಿ ಬಂದು, ನಿಮ್ಮ ಕಾರ್ಡಿನಲ್ ಹುಣಸೆಮರದ ಮೇಲೆ ಬಂದು ಕೂತಿದೆ, ಜುಟ್ಟೂ ಇದೆ, ಕೆಂಪೂ ಇದೆ ಎಂದು ಕರೆದರು. ದೊಡ್ಡಪ್ಪ ಹೋಗಲಿಕ್ಕಿಲ್ಲ ಅಂದುಕೊಂಡಿರಾ? ಚಪ್ಪಲಿ ಕೂಡ ಹಾಕದೆ ಹೋದರು. ಮರದ ಕೆಳಗೆ ಎಷ್ಟೋ ಹೊತ್ತು ಕತ್ತೆತ್ತಿ ನಿಂತು, ಇದು ಪಿಕಳಾರ, ಒಳ್ಳೇ ಹಕ್ಕಿ, ಆದರೆ ಬೇರೆ ಮನಿ ಅಂತ ಹೇಳಿ, ಬಂದದ್ದಕ್ಕೆ ಒಂದು ಚಹಾ ಕುಡಿದು ತಿರುಗಿದರು.

ಇಷ್ಟೇ ಆಗಿದ್ದರೆ ಇದು ನಗುವ ಕಥೆಯಾಗಿ ಮುಗಿಯುತ್ತಿತ್ತು. ಆದರೆ ನಾನು ಅಂಗಡಿಗೆ ಇಂಟರ್‌ನೆಟ್ ಹಾಕಿಸಿದೆ. ಪುಸ್ತಕ ಬರೆದವರ ಆಮೇಲಿನ ಸುದ್ದಿ ಏನಾದರೂ ಇದೆಯಾ ನೋಡು ಅಂತ ದೊಡ್ಡಪ್ಪ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಸುದ್ದಿ ಇತ್ತು. ಅವರ ಹಳೆಯ ಪುಸ್ತಕದಲ್ಲಿ ಟ್ಯಾನೇಜರ್ ಅನ್ನುವ ಇನ್ನೊಂದು ಕೆಂಪು ಹಕ್ಕಿ ಬೇರೆಯದೇ ಮನೆತನ. ಈಗ ವಿಜ್ಞಾನಿಗಳು ಡಿಎನ್‌ಎ ನೋಡಿ, ಅಮೆರಿಕದ ಕಾಡಿನ ಆ ಕೆಂಪು ಟ್ಯಾನೇಜರ್ ನಿಜಕ್ಕೂ ಕಾರ್ಡಿನಲ್ ಮನೆತನದ್ದು ಅಂತ ಹೇಳಿಬಿಟ್ಟಿದ್ದರು! ದೊಡ್ಡಪ್ಪ ಕೆರಳಿದರು. ಇಷ್ಟು ಕಾಲ ಅಲ್ಲಿ ಉಂಡುಟ್ಟು ಬೆಳೆದದ್ದನ್ನು ಈಗ ಕರೆದು ನಮ್ಮದು ಅನ್ನಲು ನಾಚಿಕೆಯಾಗುವುದಿಲ್ಲವೇ ಅಂತ ನನ್ನ ಕಂಪ್ಯೂಟರಿಗೆ ಬೈದರು. ಮೂರು ತಿಂಗಳು ಅಂಗಡಿಯ ಕಡೆ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದು, ಅವರು ನಮಗಿಂತ ಹತ್ತಿರದಿಂದ ನೋಡಿದ್ದಾರೆ, ಒಪ್ಪಬೇಕು ಅಂತ ನೋಟ್‌ಬುಕ್ ತೆಗೆದರು. ಟ್ಯಾನೇಜರ್ ಮುಂದೆ ಬರೆದರು: ಹತ್ತಿಸಲಾಗಿದೆ. ಹೆಸರು ಮಾತ್ರ ಟ್ಯಾನೇಜರ್ ಅಂತಲೇ ಇರಲಿ, ಅಮೆರಿಕದವರೂ ಹೆಸರು ಬದಲಿಸಿಲ್ಲ ಅಂದರು.

ಅದರ ಜೊತೆಗೇ ಇನ್ನೊಂದು ಸುದ್ದಿ ಇತ್ತು, ಅದು ಕೆಟ್ಟ ಸುದ್ದಿ. ದಕ್ಷಿಣ ಅಮೆರಿಕದಲ್ಲಿ ಒಂದು ಹಕ್ಕಿ. ತಲೆ ಮತ್ತು ಜುಟ್ಟು ಕೆಂಪು, ಬೆನ್ನು ಬೂದಿ, ಹೊಟ್ಟೆ ಬಿಳಿ. ಹುಟ್ಟಿನಿಂದ ಎಲ್ಲರೂ ಅದನ್ನು ಕಾರ್ಡಿನಲ್ ಅಂತಲೇ ಕರೆಯುತ್ತಾರೆ, ದೊಡ್ಡಪ್ಪನೂ ಎಲ್ಲೋ ಓದಿ ನೋಟ್‌ಬುಕ್ಕಿನಲ್ಲಿ ಎಂದೋ ಹತ್ತಿಸಿಕೊಂಡಿದ್ದರು. ನೋಡಿದರೆ ಅದು ಕಾರ್ಡಿನಲ್ ಮನೆತನವೇ ಅಲ್ಲ, ಹಳೆಯ ಮನೆತನದಲ್ಲೇ ಉಳಿದ ಬೇರೆ ಟ್ಯಾನೇಜರ್‌ಗಳ ಕಡೆಯದು. ದೊಡ್ಡಪ್ಪ ನನ್ನ ಕೈಯಿಂದ ಕೆಂಪು ಪೆನ್ನು ಇಸಿದುಕೊಂಡು ಆ ಸಾಲನ್ನು ಹೊಡೆದು ಹಾಕಿ ಷರಾ ಬರೆದರು: ಇಳಿಸಲಾಗಿದೆ. ಅವರ ಬದುಕಿನಲ್ಲೇ ನಡುದಾರಿಯಲ್ಲಿ ಇಳಿಸಿದ ಮೊದಲ ಪ್ರಯಾಣಿಕ! ದೊಡ್ಡವ್ವ ಕಂಪ್ಯೂಟರಿನಲ್ಲಿ ಆ ಚಿತ್ರ ನೋಡಿ, ಮುಖ ಎಷ್ಟು ಚಂದ ಐತಿ, ಇದಕ್ಕ ತಾನು ಯಾರಂತ ಗೊತ್ತಿರ್ತೈತೇನು ಅಂದರು. ಅವತ್ತು ದೊಡ್ಡಪ್ಪನಿಗೆ ಊಟ ಸರಿಯಾಗಿ ಸೇರಲಿಲ್ಲ. ಆದರೆ ನಿಯಮ ನಿಯಮ. ಅಲ್ಲಿಂದ ಮುಂದೆ ಚಹಾದಂಗಡಿ, ಕ್ಷೌರದಂಗಡಿ, ಬಸ್ ನಿಲ್ದಾಣ, ಎಲ್ಲಿ ನಾಲ್ಕು ಜನ ಸಿಕ್ಕಿದರೂ ಒಂದೇ ಮಾತು: "ಹೆಸರು ನೋಡಬ್ಯಾಡ್ರಿ, ಜುಟ್ಟು ನೋಡಬ್ಯಾಡ್ರಿ. ರಕ್ತ ನೋಡ್ರಿ." ಡಿಎನ್‌ಎಗೆ ಅವರು ರಕ್ತ ಅಂತಲೇ ಅನ್ನುವುದು.

ಆ ಮಾತನ್ನು ನನ್ನ ಅಂಗಡಿಯಲ್ಲೂ ಗಿರಾಕಿಗಳ ಮುಂದೆ ಎಷ್ಟೋ ಸಲ ಹೇಳಿದ್ದಾರೆ. ನಾನು ತಲೆ ತಗ್ಗಿಸಿ ಕೀಬೋರ್ಡ್ ಒರೆಸುತ್ತಿದ್ದೆ. ಯಾಕೆ ಅಂತ ಈಗ ಹೇಳಿಬಿಡುತ್ತೇನೆ. ಅವರ ನನ್ನ ನಡುವೆ ರಕ್ತದ ಸಂಬಂಧ ಒಂದು ಹನಿಯೂ ಇಲ್ಲ. ನಮ್ಮಪ್ಪ ಅದೇ ಬಸ್ಸಿನ ಡ್ರೈವರ್. ಒಬ್ಬರು ಸ್ಟೇರಿಂಗಿನಲ್ಲಿ, ಒಬ್ಬರು ಸೀಟಿಯಲ್ಲಿ, ಹನ್ನೊಂದು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು. ಅವ್ವ ನಾನು ಹುಟ್ಟಿದಾಗಲೇ ಹೋದಳು. ಅಪ್ಪ ನನಗೆ ಐದಾದಾಗ ಕಾಯಿಲೆ ಬಿದ್ದು ಹೋದರು. ಹರಪನಹಳ್ಳಿಯ ಬಾಡಿಗೆ ಮನೆಯಿಂದ ದೊಡ್ಡಪ್ಪ ನನ್ನನ್ನು ಕೈಹಿಡಿದು ತಂದು ತಮ್ಮ ಸೀಟಿನಲ್ಲೇ ಕೂಡಿಸಿಕೊಂಡರು. ನನಗೂ ಒಂದು ಅರ್ಧ ಟಿಕೆಟ್ ಹರಿದು ಕೊಟ್ಟರು. ಜಾತಿ ಯಾವುದು ಅಂತ ಅವರು ಕೇಳಿಕೊಳ್ಳಲಿಲ್ಲ, ಕೇಳಿದವರಿಗೆ ಹೇಳಲೂ ಇಲ್ಲ. ಅವರ ಸ್ವಂತ ಮಗಳು ಹುಟ್ಟಿದ್ದು ಆಮೇಲೆ, ನನಗೆ ಎಂಟು ತುಂಬಿದಾಗ. ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ. ನನಗೆ ಮದುವೆ ಆಗಿಲ್ಲ, ಮಾಡಿಕೊಂಡಿಲ್ಲ, ಅದು ನನ್ನ ಖುಷಿ. ಅದರ ಬಗ್ಗೆ ಯಾರಿಗೂ ಷರಾ ಬರೆಯುವ ಅಧಿಕಾರ ಕೊಟ್ಟಿಲ್ಲ.

ಹೋದ ವರ್ಷ ಆ ತಂಗಿಯ ಮದುವೆ ಗಟ್ಟಿಯಾಯಿತು. ಗಂಡಿನ ಕಡೆಯವರು ನೀಲಗುಂದದವರು. ಕಾರ್ಡು ಮಾಡುವವಳು ನಾನೇ ಅಲ್ಲವೇ? ನವಿಲು, ಕಳಸ ಏನೂ ಬೇಡ, ಮೇಲುಗಡೆ ಕಾರ್ಡಿನಲ್ ಹಕ್ಕಿ ಹಾಕು ಅಂತ ದೊಡ್ಡಪ್ಪ ಹೇಳಿದರು. ಅದೇನು ಹೊಸದಲ್ಲ, ನಾನು ಮೊದಲೇ ಊಹಿಸಿದ್ದೆ. ಊಹಿಸದೆ ಇದ್ದದ್ದು ಇನ್ನೊಂದು.

ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರಿನ ಹಿಂದೆ ಒಂದು ಪದ ಇರಲೇಬೇಕು. ಜ್ಯೇಷ್ಠ ಪುತ್ರಿ, ದ್ವಿತೀಯ ಪುತ್ರಿ, ಕನಿಷ್ಠ ಪುತ್ರಿ, ಏಕೈಕ ಪುತ್ರಿ, ಹೀಗೆ. ಬೀಗರ ಮನೆಯ ಹೆಂಗಸರು ಮುಹೂರ್ತಕ್ಕಿಂತ ಮೊದಲು ಓದುವುದು ಆ ಪದವನ್ನು. ನಾನು ಏಕೈಕ ಪುತ್ರಿ ಅಂತ ಟೈಪ್ ಮಾಡಿ ಪ್ರೂಫ್ ಕಳಿಸಿದೆ. ಅದು ತಿರುಗಿ ಬಂದಾಗ ಏಕೈಕ ಅನ್ನುವುದನ್ನು ಕೆಂಪು ಪೆನ್ನಿನಿಂದ ಹೊಡೆದು ದ್ವಿತೀಯ ಅಂತ ಬರೆದಿತ್ತು. ವಯಸ್ಸಾಯಿತು, ಏನೋ ಗೊಂದಲ ಅಂದುಕೊಂಡು ಮತ್ತೆ ಏಕೈಕ ಅಂತಲೇ ಕಳಿಸಿದೆ. ಈ ಸಲ ಅಡಿಗೆರೆ ಎರಡು ಬಂತು. ಮೂರನೆಯ ಸಲ ಅವರೇ ಬಂದು ಬಾಗಿಲ ಬಳಿ ನಿಂತರು.

"ಯವ್ವಾ, ನಿನಗ ಎಣಸಾಕ ಬರಂಗಿಲ್ಲೇನು? ಒಂದು ನೀನು, ಎರಡು ಆಕಿ."

ಅಷ್ಟು ಹೇಳಿ ಚಹಾ ಕುಡಿಯಲು ಹೋದರು. ಅವರೇನೋ ಹೋದರು. ನಾನು? ಮೂರು ಅಕ್ಷರದ ಜಾಗದಲ್ಲಿ ಬೆರಳು ಆಡಲಿಲ್ಲ. ಕಣ್ಣು ತುಂಬಿ ಕೀಲಿಗಳೆಲ್ಲ ಒಂದರ ಮೇಲೊಂದು ಕಂಡವು. ಹೇಗೋ ದ್ವಿತೀಯ ಅಂತ ಹೊಡೆದೆ. ಗಿರಾಕಿಗಳು ಕಾಯುತ್ತಿದ್ದರು, ದಾವಣಗೆರೆಯ ಪ್ರೆಸ್ಸಿಗೆ ಸಂಜೆಯ ಬಸ್ಸಿಗೆ ಕಳಿಸಬೇಕಿತ್ತು. ಕಾರ್ಡಿನಲ್ ಅಂತ ಹುಡುಕಿ, ಕೆಂಪು ಜುಟ್ಟು ಕಂಡ ಮೊದಲ ಚಿತ್ರವನ್ನು ಎಳೆದು ಮೇಲೆ ಕೂಡಿಸಿದೆ. ಪ್ರೂಫ್ ತೆಗೆದದ್ದು ನನ್ನ ಕಪ್ಪು ಬಿಳುಪು ಯಂತ್ರದಲ್ಲಿ. ಅದರಲ್ಲಿ ಜುಟ್ಟಿರುವ ಹಕ್ಕಿಗಳೆಲ್ಲ ಒಂದೇ ಥರ. ದೊಡ್ಡಪ್ಪ ಕನ್ನಡಕ ಏರಿಸಿ ದ್ವಿತೀಯ ಅನ್ನುವುದನ್ನು ಎರಡು ಸಲ ಓದಿ, ಹಕ್ಕಿಯ ಜುಟ್ಟು ನೋಡಿ ಸಹಿ ಹಾಕಿದರು.

ಐದುನೂರು ಕಾರ್ಡು ಬಣ್ಣ ಬಣ್ಣವಾಗಿ ಬಂದ ದಿನ ಮನೆಯಲ್ಲಿ ಹರಪನಹಳ್ಳಿಯ ಚಿಕ್ಕಪ್ಪನೂ ಇದ್ದರು. ಅವರು ದೊಡ್ಡಪ್ಪನ ಸ್ವಂತ ತಮ್ಮ, ಕಿರಾಣಿ ವ್ಯಾಪಾರ. ತಮ್ಮ ಕಡೆ ಹಂಚುವ ಕಾರ್ಡು ಒಯ್ಯಲು ಬಂದಿದ್ದರು. ದೊಡ್ಡಪ್ಪ ಕಟ್ಟು ಬಿಚ್ಚಿ ಒಂದನ್ನು ಕೈಗೆ ತೆಗೆದುಕೊಂಡರು. ತಲೆ ಕೆಂಪು. ಬೆನ್ನು ಬೂದಿ. ಹೊಟ್ಟೆ ಬಿಳಿ. ಅವರು ಹಕ್ಕಿ ತಪ್ಪೈತಿ ಅಂದು ಒಳಗೆ ಹೋಗಿ ನೋಟ್‌ಬುಕ್ ತಂದು, ಆ ಪುಟ ತೆರೆದು, ಕಾರ್ಡನ್ನು ಅದರ ಪಕ್ಕದಲ್ಲಿಟ್ಟರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಪ್ಪತ್ತು ವರ್ಷ ಈ ಮನೆತನದ ಪುರಾಣ ಕೇಳಿದವಳು ನಾನು, ಸರಿಯಾಗಿ ನೋಡಿರಲೇ ಇಲ್ಲ. ಅವರು ಇಳಿಸಿದ ಆ ಒಂದೇ ಒಂದು ಹಕ್ಕಿಯನ್ನು ಐದುನೂರು ಕಾರ್ಡಿನ ಮೇಲೆ ಕೂಡಿಸಿದ್ದೆ!

ಚಿಕ್ಕಪ್ಪ ಹಕ್ಕಿಯನ್ನು ನೋಡಿರಲಿಲ್ಲ. ಅವರು ಪದ ಓದಿದ್ದರು.

"ಅಣ್ಣಾ, ಹಕ್ಕಿ ತಪ್ಪೈತಿ ಅಂದ್ರ ಹೆಂಗೂ ಮತ್ತ ಹೊಡಸಬೇಕಲ್ಲ, ಈ ಪದಾನೂ ತಗಸಿಬಿಡು. ನೀಲಗುಂದದೋರು ಕೇಳ್ತಾರ, ಮೊದಲ್ನೇ ಮಗಳು ಯಾರು, ಯಾವ ಊರಿಗಿ ಕೊಟ್ಟೀರಿ ಅಂತ. ಏನ್ ಹೇಳ್ತಿ?"

ಚಿಕ್ಕಪ್ಪ ಕೆಟ್ಟವರಲ್ಲ, ಅದನ್ನು ಹೇಳದಿದ್ದರೆ ನಾನು ಕೆಟ್ಟವಳಾಗುತ್ತೇನೆ. ಚಿಕ್ಕಂದಿನಲ್ಲಿ ನನಗೆ ಪುಟಾಣಿ ಬೆಲ್ಲ ಕಟ್ಟಿಕೊಟ್ಟ ಕೈ ಅವರದು. ಮದುವೆಯಲ್ಲಿ ಒಂದು ಮಾತು ಬಂದು ಹುಡುಗಿಗೆ ತೊಂದರೆಯಾದೀತು ಅನ್ನುವ ಭಯ ಅಷ್ಟೇ. ಆ ಭಯ ನನಗೂ ಇತ್ತು. ನಾನೇ ಮುಂದೆ ಬಂದು, ತಪ್ಪು ನನ್ನದು, ನಾಳೆ ಸಂಜೆಯೊಳಗೆ ಹೊಸ ಕಾರ್ಡು ತರಿಸುತ್ತೇನೆ, ಏಕೈಕ ಅಂತಲೇ ಹಾಕುತ್ತೇನೆ ಅಂದೆ. ದೊಡ್ಡಪ್ಪ ಬೇಡ ಅನ್ನುವ ಹಾಗೆ ಕೈ ಆಡಿಸಿದರು. ಆಗ ಚಿಕ್ಕಪ್ಪ ಕೊನೆಯ ಮಾತು ಆಡಿದರು. ಊರ ತುಂಬ ಸಾರಿಕೊಂಡು ಬಂದವನು ನೀನೇ ಅಲ್ಲವೇ, ಹೆಸರು ನೋಡಬೇಡಿ, ರಕ್ತ ನೋಡಿ ಅಂತ? ಈಗ ನಿನ್ನ ನೋಟ್‌ಬುಕ್ಕಿನಲ್ಲೇ ನೋಡಿಕೋ ಅಂದರು.

ದೊಡ್ಡವ್ವ ಬಾಗಿಲಿಗೆ ಬಂದು ನಿಂತಿದ್ದರು. ವಾದದಲ್ಲಿ ದೊಡ್ಡಪ್ಪ ಸೋತದ್ದನ್ನು ನಾನು ಅವತ್ತಿನ ತನಕ ನೋಡಿರಲಿಲ್ಲ. ಅವರು ನೋಟ್‌ಬುಕ್ಕಿನ ಆ ಕೆಂಪು ಗೆರೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೂತರು, ಟಿಕೆಟ್ ಚೂರನ್ನು ಬೆಳಕಿಗೆ ಹಿಡಿದು ನೋಡುವಾಗ ಕೂರುತ್ತಿದ್ದ ಹಾಗೆ. ಆಮೇಲೆ ತಮ್ಮನ ಕಡೆ ತಿರುಗಿದರು.

"ಲೇ ತಮ್ಮಾ, ಪುಸ್ತಕ ಬರದೋರು ಹಕ್ಕೀನ ನೋಡಿ ನೋಡಿ ತಮ್ಮ ಮಾತು ತಾವ ತಿದ್ದಿಕೊಂಡ್ರು. ನಾನು ಈಕೀನ ಮೂವತ್ತು ವರ್ಷ ನೋಡೀನಿ. ನನ್ನ ಮಾತು ನಾನು ತಿದ್ದಿಕೊಂತೀನಿ. ಹತ್ತಿಸಿಕೊಂಡೋರನ್ನ ನಡುದಾರ್ಯಾಗ ಇಳಸಂಗಿಲ್ಲ."

ಸರಿ, ಪದ ಇರಲಿ, ಹಕ್ಕಿಯನ್ನಾದರೂ ಬದಲಿಸೋಣ ಅಂತ ಚಿಕ್ಕಪ್ಪ ಸಮಾಧಾನಕ್ಕೆ ಬಂದರು. ಪ್ರತಿಯೊಬ್ಬರಿಗೂ ಅದೇ ಸರಿ ಕಂಡಿತು. ಬೇರೆ ಹಕ್ಕಿಯನ್ನು ಈ ಮನುಷ್ಯ ಸಹಿಸಿಯಾರೇ? ಪಿಕಳಾರವನ್ನೇ ಒಪ್ಪದವರು! ದೊಡ್ಡಪ್ಪ ತಲೆ ಅಲ್ಲಾಡಿಸಿದರು.

"ಬ್ಯಾಡ. ಮತ್ತ ಹೊಡಸಾಕ ಕೊಟ್ರ ಈಕಿ ಏಕೈಕ ಅಂತ ಹಾಕ್ತಾಳ. ಎರಡು ಸಲ ಹಾಕ್ಯಾಳ. ನನಗ ಈಕಿ ಗೊತ್ತಿಲ್ಲೇನು?"

ಹೀಗೆ ಐದುನೂರು ಕಾರ್ಡೂ ಹಾಗೆಯೇ ಹೋದವು. ಕೂಡ್ಲಿಗಿಯಿಂದ ಹಡಗಲಿಯ ತನಕ ದೊಡ್ಡಪ್ಪ ತಮ್ಮ ಹಳೆಯ ರೂಟಿನಲ್ಲೇ ಬಸ್ಸು ಹತ್ತಿ ಇಳಿದು ಹಂಚಿದರು. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಮೇಷ್ಟ್ರು, ದೊಡ್ಡಪ್ಪನಿಂದಲೇ ಪಾಠ ಕೇಳಿ ಈ ಹಕ್ಕಿಗಳ ಹುಚ್ಚು ಹತ್ತಿಸಿಕೊಂಡವರು, ಕಾರ್ಡು ನೋಡಿ ಹೆದರುತ್ತಾ ಹೆದರುತ್ತಾ ಇದು ಆ ಮನಿತನದ್ದಲ್ಲ ಅನಿಸುತ್ತದೆ ಅಂದರಂತೆ. ಗೊತ್ತೈತಿ, ಮದುವೆಗೆ ಬರ್ರಿ ಅಂತ ಹೇಳಿ ದೊಡ್ಡಪ್ಪ ಮುಂದಿನ ಮನೆಗೆ ನಡೆದರು. ಇಪ್ಪತ್ತು ವರ್ಷ ಕಟ್ಟಿದ ಮರ್ಯಾದೆಯನ್ನು ಮನೆ ಮನೆಗೆ ಹೋಗಿ ಕಳೆದುಕೊಂಡು ಬಂದರು, ಅದೂ ನಗುನಗುತ್ತಾ.

ನೀಲಗುಂದಕ್ಕೆ ಕಾರ್ಡು ಕೊಡಲು ನನ್ನನ್ನೂ ಎಳೆದುಕೊಂಡು ಹೋದರು. ನಾನು ಬರುವುದಿಲ್ಲ ಅಂದರೆ ಕೇಳಬೇಕಲ್ಲ! ವರನ ಅಜ್ಜಿ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಓದುತ್ತಾ ಓದುತ್ತಾ ಆ ಪದದ ಹತ್ತಿರ ನಿಂತರು. ಚಿಕ್ಕಪ್ಪ ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು, ಮೊದಲನೆಯವಳು ಯಾರು ಅಂತ.

"ಇಕಾ, ಇಲ್ಲೇ ಕುಂತಾಳ," ಅಂದರು ದೊಡ್ಡಪ್ಪ. "ಈ ಪತ್ರಿಕಿ ಮಾಡಿದಾಕಿ ಆಕೀನ."

ಅಜ್ಜಿ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಈಗ ಬಂತು ಮಾತು ಅಂದುಕೊಂಡೆ. ಕಡೆಗೆ ಅಜ್ಜಿ, ಅಕ್ಷರ ಭಾಳ ಸಣ್ಣ ಹಾಕೀಯವ್ವಾ, ಮುದುಕರಿಗೆ ಕಾಣಬೇಕಲ್ಲ ಅಂದು ಚಹಾ ತರಲು ಒಳಗೆ ಕೂಗಿದರು. ಮದುವೆ ನಡೆಯಿತು. ಯಾರ ಮನೆಯ ಆಕಾಶವೂ ಕಳಚಿ ಬೀಳಲಿಲ್ಲ. ಚಿಕ್ಕಪ್ಪನೇ ಎಲ್ಲರಿಗಿಂತ ಹೆಚ್ಚು ಓಡಾಡಿ ಬಡಿಸಿದರು.

ಮೊನ್ನೆ ದೊಡ್ಡಪ್ಪ ಆ ನೋಟ್‌ಬುಕ್ಕನ್ನು ಅಂಗಡಿಗೆ ತಂದರು. ಹಾಳೆಗಳು ಮಡಿಕೆಯಲ್ಲಿ ಹರಿಯುತ್ತಿವೆ, ಪೂರ್ತಿ ಝೆರಾಕ್ಸ್ ತೆಗೆದಿಡು ಅಂತ ಹೇಳಿ ಪೇಟೆಗೆ ಹೋದರು. ನಾನು ಒಂದೊಂದೇ ಪುಟ ಗಾಜಿನ ಮೇಲೆ ಮಗುಚುತ್ತಾ ಹೋದೆ. ಆ ಪುಟ ಬಂತು. ಕೆಂಪು ಗೆರೆ ಹಾಗೆಯೇ ಇತ್ತು. ಇಳಿಸಲಾಗಿದೆ ಅನ್ನುವುದೂ ಇತ್ತು, ಅಳಿಸಿರಲಿಲ್ಲ. ಅದರ ಕೆಳಗೆ ನೀಲಿ ಶಾಯಿಯಲ್ಲಿ, ಈಗೀಗ ನಡುಗುವ ಅವರ ಅಕ್ಷರದಲ್ಲಿ, ಹೊಸದಾಗಿ ಬರೆದಿತ್ತು: "ಇಳಿಸಿದ್ದು ನನ್ನ ತಪ್ಪು. ಮತ್ತೆ ಹತ್ತಿಸಲಾಗಿದೆ. ಊರು ಬರುವ ತನಕ ಯಾರೂ ಇಳಿಸತಕ್ಕದ್ದಲ್ಲ." ಕೆಳಗೆ ಸಹಿ, ಸಹಿಯ ಕೆಳಗೆ ಅವರ ಕಂಡಕ್ಟರ್ ಬಿಲ್ಲೆಯ ನಂಬರ್.

ಪಹಣಿಯ ನಕಲಿಗೆ ನಿಂತಿದ್ದ ಗಿರಾಕಿ ಯಾಕವ್ವಾ ಏನಾತು ಅಂತ ಕೇಳುವ ತನಕ ನಾನು ಅಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಆ ಪುಟದ್ದು ಒಂದು ಪ್ರತಿ ಹೆಚ್ಚು ತೆಗೆದು ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಹಕ್ಕಿ ಬಲ್ಲವರು ಯಾರಾದರೂ ಬಂದು ಇದು ತಪ್ಪು ಅನ್ನಲಿ, ಅವರಿಗೆ ಸ್ಟೂಲು ಕೊಟ್ಟು ಕೂಡಿಸಿ ಉತ್ತರ ಹೇಳುತ್ತೇನೆ. ಕಾರ್ಡು ಓದಿದ ಕೆಲವರು ಈಗ ಕೇಳುತ್ತಾರೆ, ನೀನೇ ಮೊದಲನೆಯ ಮಗಳು ಅಂತಾದ ಮೇಲೂ ಅಪ್ಪ ಅನ್ನದೆ ದೊಡ್ಡಪ್ಪ ಅಂತಲೇ ಯಾಕೆ ಕರೆಯುತ್ತೀಯ ಅಂತ. ಮನೆತನ ಸಿಕ್ಕಿತು ಅಂತ ಟ್ಯಾನೇಜರ್ ತನ್ನ ಹೆಸರು ಬದಲಿಸಿಕೊಂಡಿತೇ? ನಾನೂ ಬದಲಿಸುವುದಿಲ್ಲ. ಆ ಸಂಜೆ ನೋಟ್‌ಬುಕ್ ಒಯ್ಯಲು ಅವರು ಬಂದಾಗ ಎಂದಿನ ಹಾಗೆಯೇ ಕರೆದೆ, ದೊಡ್ಡಪ್ಪ, ಮನಿಗೆ ಹೋಗೂಣು ಬರ್ರಿ ಅಂತ, ಬಾಗಿಲು ಹಾಕಿಕೊಂಡು ಅವರ ಜೊತೆ ನಡೆದೆ.